ಕಾವ್ಯಕ್ಕೆ ಕಂಠ, ಕಾವ್ಯಕ್ಕೆ ಕುಂಚ
(ಉತ್ಸವದ ಸಭಾ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಯಕ್ಷಗಾನ ನೋಡಿ ಬೆಳೆದ ಈ ಸೀಮೆಯವರಿಗೆ ಹಾಡು ಬೇರೆ, ಚಿತ್ರ ಬೇರೆ ಎಂದು ಹೇಳಿದರೆ ನಂಬುವುದು ಕಷ್ಟ. ಚೌಕಿಯಲ್ಲಿ ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ ಒಂದೊಂದೇ ಚುಟ್ಟಿ ಇಟ್ಟು ಗಂಟೆಗಟ್ಟಲೆ ಮುಖ ಬರೆಯುತ್ತಾರೆ. ಅದು ಚಿತ್ರವಲ್ಲದೆ ಮತ್ತೇನು? ಭಾಗವತರು ಪದ ಎತ್ತಿದಾಗ ಆ ಚಿತ್ರವೇ ಎದ್ದು ಕುಣಿಯುತ್ತದೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಂದಾಗಿ ಓದು ಬಾರದವರ ಬಾಯಲ್ಲೂ ರಾಮಕಥೆ ನಿಂತಿತು.

ವೇಷವಿಲ್ಲದೆ, ಬರೇ ಕುಂಚ ಹಿಡಿದು ಹಾಡಿನ ಜೊತೆ ನಡೆದವರು ಬೆಂಗಳೂರಿನ ಬಿ.ಕೆ.ಎಸ್. ವರ್ಮ. ತಂದೆ ಸಂಗೀತಗಾರರು, ತಾಯಿ ಚಿತ್ರಗಾರ್ತಿ. ಮಗ ಎರಡನ್ನೂ ಬಿಡಲಿಲ್ಲ. ಒಂದು ಬದಿಯಲ್ಲಿ ಗಾಯನ, ಮತ್ತೊಂದು ಬದಿಯಲ್ಲಿ ವರ್ಮರ ಚಿತ್ರ, ಎರಡೂ ಸಭೆಯ ಕಣ್ಣೆದುರೇ ನಡೆಯುತ್ತಿದ್ದವು. ಶತಾವಧಾನಿ ಆರ್. ಗಣೇಶರ ಜೊತೆಗೂಡಿ ‘ಕಾವ್ಯಚಿತ್ರ’ ಎಂಬ ಕಾರ್ಯಕ್ರಮವನ್ನೂ ನಡೆಸಿದರು. ಅದರಲ್ಲಿ ಗಣೇಶರ ಆಶುಪದ್ಯ, ವರ್ಮರ ಚಿತ್ರ, ವಿಷಯ ಒಂದೇ. ವರ್ಮರು 2023ರಲ್ಲಿ ತೀರಿಕೊಂಡರು. ಅವರಿಗಿಂತ ಹಿಂದೆ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪ ಇದ್ದರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಚಿತ್ರ ಕಲಿತು ರಾಮಾಯಣದ ಚಿತ್ರಗಳನ್ನು ಬರೆದವರು, ಆಮೇಲೆ ವೀಣೆ ಶೇಷಣ್ಣನವರ ಬಳಿ ವೀಣೆಗೆ ಕೂತರು.

ಕೂಡಿ ಮಾಡುವ ಈ ಕೆಲಸದಲ್ಲಿ ಕಷ್ಟ ಎಲ್ಲಿದೆ ಎಂಬುದಕ್ಕೆ ಶಿವನ ಸನ್ನಿಧಿಯಲ್ಲಿ ಕಿರಾತಾರ್ಜುನರ ಕಥೆಗಿಂತ ಒಳ್ಳೆಯ ಉದಾಹರಣೆ ಬೇಡ. ಭಾರವಿ ಸಂಸ್ಕೃತದಲ್ಲಿ, ಪಂಪ, ಕುಮಾರವ್ಯಾಸರು ಕನ್ನಡದಲ್ಲಿ ಹೇಳಿದ ಕಥೆ. ಹಂದಿಯ ಮೇಲೆ ಎರಡು ಬಾಣ ಬಿತ್ತು, ಜಗಳವಾಯಿತು, ಅರ್ಜುನ ಸೋತ. ಸೋತವನು ಮಣ್ಣಿನ ಲಿಂಗ ಮಾಡಿ ಹೂಮಾಲೆ ಇಟ್ಟು ತಲೆಯೆತ್ತಿ ನೋಡಿದರೆ ಆ ಮಾಲೆ ಬೇಡನ ತಲೆಯ ಮೇಲಿದೆ!

ಹಾಡುಗಾರ ಇದನ್ನು ಒಂದಾದ ಮೇಲೆ ಒಂದರಂತೆಯೇ ಹೇಳಬೇಕು. ಅಹಂಕಾರದ ಸ್ವರ ಮೆಲ್ಲಗೆ ಇಳಿದು ಭಕ್ತಿಯ ಸ್ವರವಾಗುವುದನ್ನು ಅವನು ಕೇಳಿಸಬಲ್ಲ. ಕುಂಚಕ್ಕೆ ಅದು ಎಟುಕುವುದಿಲ್ಲ. ಆದರೆ ಲಿಂಗದ ಮೇಲಿನ ಮಾಲೆ, ಬೇಡನ ತಲೆಯ ಮಾಲೆ, ಎರಡನ್ನೂ ಒಂದೇ ನೋಟದಲ್ಲಿ ಇಡುವುದು ಚಿತ್ರಕ್ಕೆ ಮಾತ್ರ ಸಾಧ್ಯ. ಇಲ್ಲಿ ಚಿತ್ರಕಾರ ಅವಸರಪಟ್ಟು ಬೇಡನ ತಲೆಗೆ ಮಾಲೆ ಮೊದಲೇ ಹಾಕಿಬಿಟ್ಟರೆ ಪದ್ಯದ ಗುಟ್ಟು ಬಯಲಾಯಿತು; ಹಾಡುಗಾರನಿಗೆ ಹೇಳಲು ಏನೂ ಉಳಿಯಲಿಲ್ಲ. ಬೇಡನನ್ನು ಪೂರ್ತಿ ಬರೆದು, ಆ ಮಾಲೆಯೊಂದನ್ನು ಬಾಕಿ ಇಟ್ಟು ಕಾಯಬೇಕು. ಹಾಡುಗಾರನೂ ಹಾಗೆಯೇ, ಮಾಲೆಯ ಗೆರೆ ಬೀಳುವಾಗ ಆಲಾಪನೆ ಬೆಳೆಸಿ ಕುಂಚಕ್ಕೆ ಎಡೆ ಕೊಡಬೇಕು. ಅಂಗಡಿಯಲ್ಲಿ ತಕ್ಕಡಿಯ ಮುಳ್ಳು ನಿಲ್ಲುವ ತನಕ ಕಾಯುವುದಿಲ್ಲವೇ, ಅಷ್ಟು ತಾಳ್ಮೆ ಸಾಕು. ಕೆಲವು ಕಡೆ ಗಾಯನ ಒಂದು ದಾರಿ, ಚಿತ್ರ ಒಂದು ದಾರಿ ಹೋಗುತ್ತದೆ. ಚಪ್ಪಾಳೆ ಬೀಳುತ್ತದೆ, ಕಾವ್ಯ ಮಾತ್ರ ಯಾರಿಗೂ ಸಿಕ್ಕಿರುವುದಿಲ್ಲ.

ಇದು ಬರೇ ಮನರಂಜನೆಯ ಮಾತಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಶಾಲೆಯ ಬಾಗಿಲಿನಿಂದಲೇ ಉಳಿಯುತ್ತದೆಂದು ಕೈಕಟ್ಟಿ ಕೂರುವಂತಿಲ್ಲ. ಮನೆಯಲ್ಲಿ ಕನ್ನಡ ಮಾತಾಡಿ ಶಾಲೆಯಲ್ಲಿ ಬೇರೆ ಭಾಷೆಯಲ್ಲಿ ಕಲಿಯುವ ಮಕ್ಕಳಿದ್ದಾರೆ. ಅವರ ಕೈಗೆ ಕುಮಾರವ್ಯಾಸನ ಪುಸ್ತಕ ಕೊಟ್ಟರೆ ಎರಡು ಸಾಲಿಗೇ ಮಡಚಿಡುತ್ತಾರೆ. ಅದು ಅವರ ತಪ್ಪೂ ಅಲ್ಲ. ಗಮಕಿಗಳು ಅದೇ ಪದ್ಯ ಹಾಡುವಾಗ ಎದುರಿನ ಬಿಳಿ ಹಾಳೆಯಲ್ಲಿ ಹಂದಿಯ ಮೂತಿ ಮೂಡಿದರೆ ಆ ಮಗು ಮುಂದಿನ ಸಾಲಿಗೆ ಕಿವಿಗೊಡುತ್ತದೆ. ಅರ್ಥ ಆಮೇಲೆ ಕೇಳಲಿ, ಹೇಳುವ ಅಜ್ಜಂದಿರು ಇನ್ನೂ ಇದ್ದಾರೆ.

ಮುಂದಿನ ಉತ್ಸವದಲ್ಲಿ ಇಂತಹ ಒಂದು ಗಂಟೆಯ ಕಾರ್ಯಕ್ರಮಕ್ಕೆ ಸಮಿತಿಯವರು ಮನಸ್ಸು ಮಾಡಬೇಕು. ಯಾವ ಪದ್ಯಗಳೆಂದು ಎರಡು ವಾರ ಮೊದಲೇ ಇಬ್ಬರು ಕಲಾವಿದರಿಗೂ ತಿಳಿಸಬೇಕು. ಹಾಳೆಯನ್ನು ಗಾಯಕರ ಹಿಂದೆ ಅಡಗಿಸದೆ ಮಕ್ಕಳು ಕೂರುವ ಬದಿಗೆ ನಿಲ್ಲಿಸಬೇಕು. ಬಣ್ಣದ ಖರ್ಚು ಚಿತ್ರಕಾರರ ಕೈಯಿಂದ ಹೋಗಬಾರದು, ಆಮಂತ್ರಣ ಪತ್ರಿಕೆಯಲ್ಲಿ ಅವರ ಹೆಸರು ಗಾಯಕರ ಸಾಲಿನಲ್ಲೇ, ಅದೇ ಅಕ್ಷರದ ಗಾತ್ರದಲ್ಲಿ ಅಚ್ಚಾಗಬೇಕು.