ಹಿಂದೆ ಬರೋರಿಗೆ ಒಂದು ದೀಪ: ಪಿಕಪ್‌ಗೆ ಟ್ರೇಲರ್ ವೈರಿಂಗ್ ಮಾಡಿಸುವ ಮುನ್ನ

ಇವತ್ತಿನ ಸಂಚಿಕೆ ಪಿಕಪ್ ಇಟ್ಟುಕೊಂಡು ದುಡಿಯೋರಿಗೆ. ಅದರಲ್ಲೂ ಪಿಕಪ್ ಹಿಂದೆ ಏನಾದರೊಂದನ್ನು ಕಟ್ಟಿ ಎಳೆಯೋರಿಗೆ. ಮದುವೆ, ಜಾತ್ರೆಗೆ ಹೋಗುವ ಜನರೇಟರ್ ಇರಬಹುದು, ಕಟ್ಟಡ ಕೆಲಸದ ಕಂಪ್ರೆಸರ್ ಅಥವಾ ಕಾಂಕ್ರೀಟ್ ಮಿಕ್ಸರ್ ಇರಬಹುದು, ಇಂದಿರಾನಗರದ ಕಡೆ ಸಂಜೆ ಹೊತ್ತು ನಿಲ್ಲಿಸುವ ತಿಂಡಿ ಗಾಡಿ ಇರಬಹುದು. ನೀವು ಇದ್ಯಾವುದನ್ನೂ ಎಳೆಯದಿದ್ದರೂ ಕೇಳಿ. ಯಾಕಂದ್ರೆ ರಾತ್ರಿ ಇವುಗಳ ಹಿಂದೆ ಬೈಕ್ ಓಡಿಸೋರು ನೀವೇ.

ಹಳೇ ಮದ್ರಾಸ್ ರಸ್ತೆಯಲ್ಲಿ ರಾತ್ರಿ ಹತ್ತರ ನಂತರ ಹೋಗಿ ನೋಡಿ. ಹಲಸೂರಿನಿಂದ ಹೊರಟು, ಟಿನ್ ಫ್ಯಾಕ್ಟರಿ ದಾಟಿ, ಕೆ.ಆರ್. ಪುರದ ತೂಗುಸೇತುವೆ ಏರಿ ಇಳಿದರೆ ಹೊಸಕೋಟೆ ಕಡೆ ಗಾಡಿಗಳ ವೇಗ ಜಾಸ್ತಿ ಆಗುತ್ತೆ. ಅಲ್ಲಿ ಮುಂದೆ ಏನೋ ಕಪ್ಪಗೆ ಕಾಣುತ್ತೆ. ಹತ್ತಿರ ಹೋದಾಗ ಗೊತ್ತಾಗುತ್ತೆ, ಅದು ಜನರೇಟರ್ ಟ್ರಾಲಿ. ಅದನ್ನು ಎಳೆಯುತ್ತಿರುವ ಪಿಕಪ್‌ನ ಎಲ್ಲ ದೀಪಗಳೂ ಸರಿಯಾಗೇ ಉರೀತಾ ಇವೆ. ಆದರೆ ಟ್ರಾಲಿ ಅವನ್ನು ಮುಚ್ಚಿಬಿಟ್ಟಿದೆ. ಡ್ರೈವರ್ ಬ್ರೇಕ್ ಒತ್ತಿದರೂ ಹಿಂದಿನವರಿಗೆ ಗೊತ್ತಾಗಲ್ಲ, ಇಂಡಿಕೇಟರ್ ಹಾಕಿದರೂ ಕಾಣಲ್ಲ. ಡ್ರೈವರ್‌ಗೆ ಇದು ಗೊತ್ತೇ ಆಗಲ್ಲ, ಅವನ ಡ್ಯಾಶ್‌ಬೋರ್ಡಿನಲ್ಲಿ ಎಲ್ಲವೂ ಸರಿಯಾಗೇ ಇರುತ್ತೆ. ಟ್ರೇಲರ್ ದೀಪದ ಸಮಸ್ಯೆಯೇ ಇದು. ಅದು ಕೆಟ್ಟರೆ ತೊಂದರೆ ಅನುಭವಿಸುವವನು ಬೇರೆಯವನು.

ಮೊದಲು ಕಾನೂನಿನ ಮಾತು ಚುಟುಕಾಗಿ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2(46) ಟ್ರೇಲರ್ ಅಂದ್ರೆ ಏನು ಅಂತ ಹೇಳುತ್ತೆ: ಮೋಟಾರು ವಾಹನ ಎಳೆಯುವ, ಅಥವಾ ಎಳೆಯಲೆಂದೇ ಮಾಡಿದ ವಾಹನ. ಸೆಮಿ ಟ್ರೇಲರ್ ಮತ್ತು ಸೈಡ್‌ಕಾರ್ ಇದರಲ್ಲಿ ಸೇರಲ್ಲ. ಅಂದ್ರೆ ನೀವು ಎಳೆಯೋದು ಬರೀ ಸಾಮಾನಲ್ಲ, ಕಾನೂನಿನ ಕಣ್ಣಲ್ಲಿ ಅದೂ ಒಂದು ವಾಹನ. ನೋಂದಣಿ ಬೇಕೇ, ಯಾವ ಕಾಗದ ಬೇಕು ಅನ್ನೋದನ್ನ ನಿಮ್ಮ ಆರ್‌ಟಿಒ ಕಚೇರಿಯಲ್ಲೇ ಕೇಳಿಕೊಳ್ಳಿ. ಈ ಭಾಗದವರಿಗೆ ಕೆಎ 03, ಕೆ.ಆರ್. ಪುರದವರಿಗೆ ಕೆಎ 53. ವಿಮೆ ಪತ್ರದಲ್ಲಿ ಟ್ರೇಲರ್ ಸೇರಿದೆಯೇ ಅಂತಲೂ ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 104ನೇ ನಿಯಮ ರಿಫ್ಲೆಕ್ಟರ್‌ಗಳದ್ದು. ಅದಕ್ಕೆ ಕೊನೆಯಲ್ಲಿ ಬರ್ತೀನಿ.

ಈಗ ವೈರಿಂಗ್. ಇಲ್ಲಿ ಮಾರುವ ಹೆಚ್ಚಿನ ಪಿಕಪ್‌ಗಳಿಗೆ ಟ್ರೇಲರ್ ಸಾಕೆಟ್ ಕಾರ್ಖಾನೆಯಿಂದ ಬರಲ್ಲ. ಹಾಗಾಗಿ ಜನ ಎರಡು ದಾರಿ ಹಿಡೀತಾರೆ. ಒಂದು, ಆನ್‌ಲೈನಲ್ಲಿ ಕಿಟ್ ತರಿಸೋದು. ಇನ್ನೊಂದು, ಶಿವಾಜಿನಗರದ ಗಲ್ಲಿಗಳಲ್ಲಿ ಹಳೇ ಪ್ಲಗ್ಗು, ಹಳೇ ದೀಪ ಹುಡುಕಿ ತಂದು ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹಾಕಿಸೋದು. ಎರಡರಲ್ಲೂ ಒಂದೊಂದು ಗುಂಡಿ ಇದೆ.

ಆನ್‌ಲೈನ್ ಕಿಟ್‌ಗಳಲ್ಲಿ ಬಹಳಷ್ಟು ಅಮೆರಿಕದ ಪದ್ಧತಿಯವು, ನಾಲ್ಕು ವೈರಿನವು. ಬಿಳಿ ಅರ್ಥ್, ಕಂದು ಪಾರ್ಕಿಂಗ್ ದೀಪ, ಹಳದಿ ಎಡಗಡೆ, ಹಸಿರು ಬಲಗಡೆ. ಅಲ್ಲಿ ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಇಂಡಿಕೇಟರ್‌ಗೂ ಒಂದೇ ಕೆಂಪು ಬಲ್ಬು. ಅದಕ್ಕೇ ಹಳದಿ ವೈರ್ ಎಡ ಇಂಡಿಕೇಟರನ್ನೂ ಎಡ ಬ್ರೇಕನ್ನೂ ಒಟ್ಟಿಗೆ ಹೊರುತ್ತೆ. ನಮ್ಮ ಗಾಡಿಗಳಲ್ಲಿ ಬ್ರೇಕ್ ಕೆಂಪು, ಇಂಡಿಕೇಟರ್ ಕಿತ್ತಳೆ, ಎರಡೂ ಬೇರೆ ಬೇರೆ.

ನಮ್ಮ ಪದ್ಧತಿಗೆ ಹೊಂದೋದು ಏಳು ಪಿನ್ನಿನ ದುಂಡು ಪ್ಲಗ್, ಐಎಸ್‌ಒ 1724 ಮಾದರಿ. ಅದರ ಲೆಕ್ಕ ಹೀಗಿದೆ, ಬರೆದುಕೊಳ್ಳಿ. ಒಂದನೇ ಪಿನ್ನು ಹಳದಿ, ಎಡ ಇಂಡಿಕೇಟರ್. ಎರಡು ನೀಲಿ, ಹಿಂದಿನ ಮಂಜಿನ ದೀಪ. ಮೂರು ಬಿಳಿ, ಅರ್ಥ್. ನಾಲ್ಕು ಹಸಿರು, ಬಲ ಇಂಡಿಕೇಟರ್. ಐದು ಕಂದು, ಬಲಗಡೆಯ ಟೇಲ್ ದೀಪ. ಆರು ಕೆಂಪು, ಬ್ರೇಕ್. ಏಳು ಕಪ್ಪು, ಎಡಗಡೆಯ ಟೇಲ್ ದೀಪ.

ಈಗ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. ಬಿಳಿ, ಹಳದಿ, ಹಸಿರು, ಕಂದು ಎರಡರಲ್ಲೂ ಇವೆ, ಕೆಲಸವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತೆ. ಬಣ್ಣಕ್ಕೆ ಬಣ್ಣ ಸೇರಿಸಿದರೆ ಇಂಡಿಕೇಟರ್ ಮಿನುಗುತ್ತೆ, ಬಲಗಡೆ ಟೇಲ್ ದೀಪವೂ ಬರುತ್ತೆ. ಸರಿ ಹೋಯ್ತು ಅಂದುಕೊಂಡು ಹೊರಡ್ತಾರೆ. ಆದರೆ ಬ್ರೇಕಿಗೆ ಅಂತ ವೈರೇ ಹೋಗಿರಲ್ಲ, ಎಡ ಟೇಲ್ ದೀಪಕ್ಕೂ ಹೋಗಿರಲ್ಲ. ಬಣ್ಣ ನಂಬಿ ಕೆಲಸ ಮಾಡಬೇಡಿ, ಮೀಟರ್ ಹಿಡಿದು ಮಾಡಿ ಅಂತ ಹೇಳೋದು ಇದಕ್ಕೇ.

ಹಳೇ ಸಾಮಾನಿನ ಗುಂಡಿ ವೋಲ್ಟೇಜಿನದ್ದು. ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋಗೆ ಬಂದು ಹೋಗುವ ದೊಡ್ಡ ಟ್ರೇಲರ್ ಲಾರಿಗಳನ್ನು ನೋಡಿರ್ತೀರಿ. ದೊಡ್ಡ ಲಾರಿಗಳು ಸಾಮಾನ್ಯವಾಗಿ 24 ವೋಲ್ಟಿನವು. ನಿಮ್ಮ ಪಿಕಪ್ 12 ವೋಲ್ಟು. ಲಾರಿಯಿಂದ ಬಿಚ್ಚಿದ ದೀಪವನ್ನು ಬಲ್ಬ್ ಸಮೇತ ತಂದು ಹಾಕಿದರೆ ಉರಿಯುತ್ತೆ, ಆದರೆ ಮಂಕಾಗಿ. ಹಗಲು ವರ್ಕ್‌ಶಾಪಿನ ನೆರಳಲ್ಲಿ ನೋಡಿದರೆ ಪರವಾಗಿಲ್ಲ ಅನಿಸುತ್ತೆ. ಬಲ್ಬಿನ ಬುಡದಲ್ಲಿ 12ವಿ ಅಂತ ಇದೆಯೋ 24ವಿ ಅಂತ ಇದೆಯೋ ಓದಿ. ಹಳೇ ಸಾಮಾನು ತರಬೇಡಿ ಅಂತ ನಾನು ಹೇಳ್ತಿಲ್ಲ. ದೀಪದ ಚಿಪ್ಪು ಹಳೇದಿದ್ದರೂ ನಡೆಯುತ್ತೆ. ಪ್ಲಗ್, ಸಾಕೆಟ್, ವೈರ್ ಈ ಮೂರು ಮಾತ್ರ ಹೊಸದಿರಲಿ.

ಮುಂದಿನ ಪ್ರಶ್ನೆ, ಕರೆಂಟ್ ಎಲ್ಲಿಂದ ತಗೋಬೇಕು? ಸಾಮಾನ್ಯವಾಗಿ ಪಿಕಪ್‌ನ ಹಿಂದಿನ ದೀಪದ ವೈರನ್ನೇ ಸುಲಿದು, ಇನ್ನೊಂದು ವೈರ್ ಸುತ್ತಿ, ಕಪ್ಪು ಟೇಪ್ ಹಾಕಿಬಿಡ್ತಾರೆ. ಲೆಕ್ಕ ಹಾಕೋಣ. ಬ್ರೇಕ್ ಬಲ್ಬ್ ಒಂದಕ್ಕೆ 21 ವಾಟ್, ಎರಡಕ್ಕೆ 42. ಇಂಡಿಕೇಟರ್ ತಲಾ 21, ಅಪಾಯ ಸೂಚಕ ಹಾಕಿದರೆ ಎರಡೂ ಸೇರಿ 42. ಟೇಲ್ ದೀಪ ಎರಡು, ನಂಬರ್ ಪ್ಲೇಟ್ ದೀಪ ಒಂದು, ತಲಾ 5ರಂತೆ 15. ಒಟ್ಟು 99 ವಾಟ್. 12 ವೋಲ್ಟಿಗೆ ಸುಮಾರು 8 ಆಂಪಿಯರ್. ಪಿಕಪ್‌ನ ತನ್ನ ದೀಪಗಳಿಗೆ ಅಂತ ಅಳೆದು ಹಾಕಿದ ವೈರು, ಸ್ವಿಚ್ಚು, ಫ್ಯೂಸುಗಳ ಮೇಲೆ ಇಷ್ಟು ಹೊರೆ ಹೆಚ್ಚುವರಿ ಬೀಳುತ್ತೆ. ಹಳೇ ಗಾಡಿಯಲ್ಲಿ ಫ್ಯೂಸ್ ಹೋಗಬಹುದು, ಸ್ವಿಚ್ ಬಿಸಿಯಾಗಬಹುದು. ಹೊಸ ಗಾಡಿಗಳಲ್ಲಿ ಎಷ್ಟೋ ಕಡೆ ದೀಪಗಳ ಉಸ್ತುವಾರಿ ಒಂದು ಕಂಪ್ಯೂಟರಿಂದು. ಅದು ಹೊರೆ ಜಾಸ್ತಿ ಆಯ್ತು ಅಂತ ದೀಪವನ್ನೇ ಆರಿಸಬಹುದು, ಇಲ್ಲವೇ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ತೋರಿಸಬಹುದು.

ಸರಿಯಾದ ದಾರಿ ರಿಲೇ. ಪಿಕಪ್‌ನ ದೀಪದ ವೈರಿನಿಂದ ಬರೀ ಸಂಜ್ಞೆ ತಗೊಳ್ಳಿ, ಶಕ್ತಿಯನ್ನು ನೇರ ಬ್ಯಾಟರಿಯಿಂದ ತನ್ನಿ. ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತೆ. 30ಕ್ಕೆ ಬ್ಯಾಟರಿಯ ವೈರು, 87ರಿಂದ ಟ್ರೇಲರಿಗೆ, 86ಕ್ಕೆ ಪಿಕಪ್ ದೀಪದ ಸಂಜ್ಞೆ, 85 ಅರ್ಥಿಗೆ. ಬ್ರೇಕಿಗೊಂದು, ಎಡಕ್ಕೊಂದು, ಬಲಕ್ಕೊಂದು, ಟೇಲ್ ದೀಪಕ್ಕೊಂದು, ಹೀಗೆ ನಾಲ್ಕು ರಿಲೇ ಸಾಕು. ಎಲ್ಲವೂ ಒಂದೇ ಡಬ್ಬಿಯಲ್ಲಿರುವ ಮಾಡ್ಯೂಲೂ ಸಿಗುತ್ತೆ. ಕಂಪ್ಯೂಟರ್ ಇರುವ ಹೊಸ ಗಾಡಿಗೆ ಅದೇ ಒಳ್ಳೇದು, ರಿಲೇಯ ಕಾಯಿಲ್‌ಗಿಂತ ಕಡಿಮೆ ಕರೆಂಟ್ ಎಳೆಯುತ್ತೆ. ಬ್ಯಾಟರಿಯಿಂದ ಬರುವ ವೈರಿಗೆ 15 ಆಂಪಿಯರ್ ಫ್ಯೂಸ್ ಹಾಕಿ. ಅದು ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಹಿಂದೆ ಎಲ್ಲೋ ಇಟ್ಟರೆ, ದಾರಿಯಲ್ಲಿ ವೈರ್ ಸವೆದು ಚಾಸಿಗೆ ತಗುಲಿದಾಗ ಫ್ಯೂಸಿದ್ದೂ ಇಲ್ಲದಂತೆ. ಬೆಂಕಿ ಹತ್ತೋದು ಹಾಗೇನೇ. ಕೆಲಸ ಶುರು ಮಾಡುವ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿಸೋದನ್ನ ಮರೀಬೇಡಿ.

ವೈರಿನ ದಪ್ಪ. ಇಲ್ಲಿ ಹಣ ಉಳಿಸೋಕೆ ಹೋಗಬೇಡಿ. 0.5 ಚದರ ಮಿ.ಮೀ. ತೆಳು ತಾಮ್ರದ ವೈರ್ 10 ಮೀಟರ್ ಎಳೆದರೆ ಅದರ ತಡೆ ಸುಮಾರು 0.36 ಓಮ್. ಎರಡು ಬ್ರೇಕ್ ಬಲ್ಬಿನ 3.5 ಆಂಪಿಯರ್ ಅದರಲ್ಲಿ ಹರಿದರೆ ಸುಮಾರು ಒಂದೂಕಾಲು ವೋಲ್ಟ್ ದಾರಿಯಲ್ಲೇ ಹೋಯ್ತು. ಅಂದ್ರೆ ನೂರಕ್ಕೆ ಹತ್ತು. ಹತ್ತು ತಾನೇ ಅಂತ ಬಿಡಬೇಡಿ. ತಂತಿ ಬಲ್ಬಿನಲ್ಲಿ ವೋಲ್ಟೇಜ್ ಹತ್ತು ಭಾಗ ಇಳಿದರೆ ಬೆಳಕು ಸುಮಾರು ಮೂವತ್ತು ಭಾಗ ಇಳಿಯುತ್ತೆ. ಅದೇ 1.5 ಚದರ ಮಿ.ಮೀ. ವೈರ್ ಹಾಕಿದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ದೀಪಗಳಿಗೆ 1.5, ಬ್ಯಾಟರಿ ವೈರಿಗೂ ಅರ್ಥಿಗೂ 2.5, ಇಷ್ಟು ನೆನಪಿಟ್ಟುಕೊಳ್ಳಿ. ಅರ್ಥಿಗೆ ಯಾಕೆ ದಪ್ಪ? ಎಲ್ಲ ದೀಪಗಳಿಗೂ ಬೇರೆ ಬೇರೆ ವೈರಲ್ಲಿ ಹೋದ ಕರೆಂಟ್ ವಾಪಸ್ ಬರೋದು ಆ ಒಂದೇ ವೈರಲ್ಲಿ.

ಅರ್ಥ್ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ಯಾಕಂದ್ರೆ ಟ್ರೇಲರ್ ದೀಪದ ದೂರುಗಳಲ್ಲಿ ಬಹುಪಾಲು ಇಲ್ಲೇ ಹುಟ್ಟೋದು. ‘ಬಾಡಿ ಅರ್ಥ್ ಇದೆಯಲ್ಲ ಸಾರ್, ಕೊಂಡಿಯಲ್ಲೇ ಬರುತ್ತೆ’ ಅಂತಾರೆ. ಕೊಂಡಿ ಅಂದ್ರೆ ಕಬ್ಬಿಣಕ್ಕೆ ಕಬ್ಬಿಣ ತಾಗುವ ಜಾಗ. ಅಲ್ಲಿ ಗ್ರೀಸ್ ಇರುತ್ತೆ, ತುಕ್ಕು ಇರುತ್ತೆ, ಹಳ್ಳ ಬಂದಾಗೆಲ್ಲ ಅಲುಗಾಡುತ್ತೆ. ಅರ್ಥ್ ತಪ್ಪಿದಾಗ ಕರೆಂಟ್ ಸುಮ್ಮನಿರಲ್ಲ, ಪಕ್ಕದ ಬಲ್ಬಿನ ಮೂಲಕ ವಾಪಸ್ ಹೋಗೋಕೆ ನೋಡುತ್ತೆ. ಆಗ ಇಂಡಿಕೇಟರ್ ಹಾಕಿದರೆ ಟೇಲ್ ದೀಪ ಮಿಣುಕುತ್ತೆ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹತ್ತುತ್ತೆ. ಇಂಥ ವಿಚಿತ್ರ ಕಂಡರೆ ಬಲ್ಬ್ ಬದಲಾಯಿಸಬೇಡಿ, ಮೊದಲು ಅರ್ಥ್ ನೋಡಿ. ಮೂರನೇ ಪಿನ್ನಿನಿಂದ ಪ್ರತ್ಯೇಕ ಬಿಳಿ ವೈರ್ ಎಳೆದು, ಎರಡೂ ಕಡೆ ಬಣ್ಣ ಕೆರೆದ ಜಾಗಕ್ಕೆ ಬೋಲ್ಟ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ.

ಜೋಡಣೆಗೆ ಬರೋಣ. ವೈರ್ ಸುತ್ತಿ ಟೇಪ್ ಹಾಕೋದು ಒಂದು ಮಳೆಗಾಲಕ್ಕೆ ಮಾತ್ರ. ನಮ್ಮ ಅಂಡರ್‌ಪಾಸುಗಳಲ್ಲಿ ನೀರು ಎಷ್ಟು ನಿಲ್ಲುತ್ತೆ ಅಂತ ನಿಮಗೇ ಗೊತ್ತು. ನೀರು ಟೇಪಿನೊಳಗೆ ಇಳಿದು ತಾಮ್ರ ಹಸಿರಾಗುತ್ತೆ. ಸರಿಯಾದ ಇಕ್ಕಳದಲ್ಲಿ ಕ್ರಿಂಪ್ ಮಾಡಿಸಿ, ಮೇಲೆ ಬಿಸಿಗೆ ಕುಗ್ಗುವ, ಒಳಗೆ ಅಂಟಿರುವ ತೋಳು ಹಾಕಿಸಿ. ವೈರನ್ನು ಸುಕ್ಕು ಪೈಪಿನೊಳಗೆ ಹಾಕಿ, ಸೈಲೆನ್ಸರ್‌ನಿಂದ ದೂರ, ಪ್ಲೇಟ್ ಸ್ಪ್ರಿಂಗ್ ಅಲುಗಾಡುವ ಜಾಗದಿಂದ ದೂರ ಕಟ್ಟಿಸಿ. ತಗಡಿನ ತೂತಿನಲ್ಲಿ ಹಾಯುವ ಕಡೆ ರಬ್ಬರ್ ಬಳೆ ಬೇಕು. ಪ್ಲಗ್ಗಿನ ಹತ್ತಿರ ವೈರ್ ಎಷ್ಟು ಸಡಿಲ ಇರಬೇಕು? ಹಲಸೂರಿನ ಹಳೇ ಬೀದಿಗಳಲ್ಲಿ ಗಾಡಿ ತಿರುಗಿಸಿದವರನ್ನು ಕೇಳಿ. ಎರಡೂ ಕಡೆ ಪೂರ್ತಿ ತಿರುಗಿದಾಗ ಬಿಗಿ ಆಗಬಾರದು, ನೇರ ಇದ್ದಾಗ ರಸ್ತೆಗೆ ತಾಗಬಾರದು. ಟ್ರೇಲರ್ ಕಟ್ಟಿಯೇ ಅಳತೆ ತಗೋಬೇಕು, ಅಂದಾಜಿನಲ್ಲಿ ಬೇಡ.

ಕೆಲಸ ಮುಗಿದ ಮೇಲೆ ಪರೀಕ್ಷೆ. ಇಂಜಿನ್ ಚಾಲೂ ಇರಲಿ. ಒಬ್ಬರು ಒಳಗೆ, ಒಬ್ಬರು ಹಿಂದೆ. ಮೊದಲು ಒಂದೊಂದೇ ದೀಪ. ಆಮೇಲೆ ಎಲ್ಲ ಒಟ್ಟಿಗೆ: ಟೇಲ್ ದೀಪ ಹಾಕಿ, ಬ್ರೇಕ್ ಒತ್ತಿ, ಅದರ ಜೊತೆಗೇ ಇಂಡಿಕೇಟರ್. ಎಷ್ಟೋ ತಪ್ಪುಗಳು ಒಟ್ಟಿಗೆ ಹಾಕಿದಾಗಲೇ ಹೊರಗೆ ಬರೋದು. ಇಂಡಿಕೇಟರ್ ಮಾಮೂಲಿಗಿಂತ ಬೇಗ ಟಿಕ್ ಟಿಕ್ ಅಂದರೆ ಯಾವುದೋ ಬಲ್ಬ್ ಹೋಗಿರಬಹುದು, ಇಲ್ಲವೇ ಎಲ್‌ಇಡಿ ದೀಪಕ್ಕೆ ಫ್ಲಾಶರ್ ಹೊಂದುತ್ತಿಲ್ಲ. ಇದು ಒಂದು ದಿನದ ಪರೀಕ್ಷೆ ಅಲ್ಲ. ಪ್ರತಿ ಸಲ ಟ್ರೇಲರ್ ಕಟ್ಟಿದಾಗ ಒಂದು ನಿಮಿಷ. ಜೊತೆಗೆ ಯಾರೂ ಇಲ್ಲದಿದ್ದರೆ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಬ್ರೇಕಿನ ಕೆಂಪು ಗೋಡೆ ಮೇಲೆ ಕನ್ನಡಿಯಲ್ಲಿ ಕಾಣುತ್ತೆ.

ಕೊನೆಗೆ ರಿಫ್ಲೆಕ್ಟರ್. ಜನರೇಟರ್ ಟ್ರಾಲಿಯನ್ನು ಶಾಮಿಯಾನದ ಪಕ್ಕ ಬಿಚ್ಚಿ ನಿಲ್ಲಿಸಿ ಪಿಕಪ್ ಹೊರಟು ಹೋಗುತ್ತೆ. ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರ ಸಂತ ಮೇರಿ ಹಬ್ಬ ಇರಲಿ, ಹಲಸೂರಿನಲ್ಲಿ ತೇರು ಇರಲಿ, ಆ ಟ್ರಾಲಿ ರಾತ್ರಿಯೆಲ್ಲ ರಸ್ತೆ ಬದಿಯಲ್ಲಿ ನಿಂತಿರುತ್ತೆ. ಇಡೀ ಬೀದಿಗೆ ಬೆಳಕು ಕೊಡೋದು ಅದು, ಅದರ ಬೆನ್ನಿಗೆ ಮಾತ್ರ ಬೆಳಕಿಲ್ಲ. ಪ್ಲಗ್ ಬಿಚ್ಚಿದ ಮೇಲೆ ನಾವು ಇಷ್ಟು ಹೊತ್ತು ಮಾತಾಡಿದ ವೈರಿಂಗ್‌ನಿಂದ ಏನೂ ಉಪಯೋಗ ಇಲ್ಲ. ಅಲ್ಲಿ ಕೆಲಸ ಮಾಡೋದು ಹಿಂದಿನ ಎರಡು ಕೆಂಪು ರಿಫ್ಲೆಕ್ಟರ್, ಅಂಚಿಗೆ ಅಂಟಿಸಿದ ಹೊಳೆಯುವ ಪಟ್ಟಿ. ಅವಕ್ಕೆ ಬ್ಯಾಟರಿ ಬೇಡ. ಧೂಳು ಒರೆಸಿ ಇಟ್ಟರೆ ಸಾಕು.

ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋದಾಗ ನಾಲ್ಕು ಪ್ರಶ್ನೆ ಕೇಳಿ. ಬ್ರೇಕಿಗೆ ಬೇರೆ ವೈರ್ ಇದೆಯಾ? ಫ್ಯೂಸ್ ಎಲ್ಲಿ ಹಾಕಿದ್ರಿ? ಅರ್ಥಿಗೆ ವೈರ್ ಎಳೆದಿದ್ದೀರಾ? ಜೋಡಣೆ ಕ್ರಿಂಪ್ ಮಾಡಿದ್ದೀರಾ? ಕೆಲಸ ಗೊತ್ತಿರೋರಿಗೆ ಈ ಪ್ರಶ್ನೆಗಳಿಂದ ಬೇಜಾರಾಗಲ್ಲ, ಖುಷಿಯಾಗುತ್ತೆ. ಬಾಡಿಗೆಗೆ ಟ್ರಾಲಿ ತಗೊಳ್ಳೋರೂ ಹೊರಡೋ ಮುಂಚೆ ಒಮ್ಮೆ ಹಿಂದೆ ಹೋಗಿ ನಿಂತು, ಬ್ರೇಕ್ ಒತ್ತಿಸಿ ನೋಡಿ. ದೀಪ ಹತ್ತಲಿಲ್ಲ ಅಂದ್ರೆ ಆ ಟ್ರಾಲಿ ಬೇಡ ಅನ್ನಿ.

ಇವತ್ತಿಗೆ ಇಷ್ಟು. ಪಿಕಪ್ ಓಡಿಸುವ ನಿಮ್ಮ ಪರಿಚಯದವರಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.