ಕಲ್ಲೂ ಉಳಿಯಲಿ, ಬದುಕೂ ಉಳಿಯಲಿ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹಂಪೆಯ ಗುಡಿಗಳು ಉಳಿಯಬೇಕೋ ಬೇಡವೋ ಎಂದು ನಮ್ಮನ್ನು ಕೇಳುವವರಿದ್ದಾರೆ. ಉಳಿಯಲೇಬೇಕು. ಕಲ್ಲು ಹೊತ್ತು ಕಂಬ ನಿಲ್ಲಿಸಿದವರು ಅರಸರಲ್ಲ, ನಮ್ಮಂಥ ದುಡಿಮೆಗಾರರು. ನಮ್ಮ ಪ್ರಶ್ನೆ ಬೇರೆ. ಉಳಿಸುವ ನಿಯಮವನ್ನು ಯಾರನ್ನು ಕೇಳಿ ಮಾಡುತ್ತಾರೆ?

ಕಾಯಿದೆ ಏನೆನ್ನುತ್ತದೆಂಬುದನ್ನು ಮೊದಲು ತಿಳಿಯೋಣ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯನ್ನು 2010ರಲ್ಲಿ ತಿದ್ದಲಾಯಿತು. ಕೇಂದ್ರ ಸರ್ಕಾರ ರಕ್ಷಿಸಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕೂಡದು. ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆ ಪಡೆದೇ ಕಟ್ಟಬೇಕು. ನಿಷೇಧಿತ ಪ್ರದೇಶದಲ್ಲಿ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ರಿಪೇರಿಗೂ ಅರ್ಜಿ ಹಾಕಬೇಕು. ಮೀರಿ ಕಟ್ಟಿದರೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇದಲ್ಲದೆ ಹಂಪೆಗೆಂದೇ ರಾಜ್ಯದ 2002ರ ಕಾಯಿದೆ, ಅದರಡಿ ಒಂದು ಪ್ರಾಧಿಕಾರ ಉಂಟು.

ಇದರಿಂದ ಒಳ್ಳೆಯದೂ ಆಗಿದೆ. ವಿರೂಪಾಪುರ ಗಡ್ಡೆಯಲ್ಲಿ ಎದ್ದಿದ್ದ ರೆಸಾರ್ಟುಗಳನ್ನು 2020ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಾದ ಮೇಲೆ, ತೆಗೆಸಲಾಯಿತು.

ಆದರೆ 2011ರ ಜುಲೈಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರದಲ್ಲಿ ಏನಾಯಿತು? ಸಾಲುಮಂಟಪಗಳಲ್ಲಿ ಸಂಸಾರ ಹೂಡಿ, ಹಣ್ಣುಕಾಯಿ, ಚಹಾ ಮಾರಿ ಬದುಕುತ್ತಿದ್ದವರ ಮೇಲೆ ಬುಲ್‌ಡೋಜರು ಬಂತು. ಸುಮಾರು 300 ಕುಟುಂಬಗಳು ನೆಲೆ ಕಳೆದುಕೊಂಡವು. ಬದಲಿಗೆ ತೋರಿಸಿದ ಜಾಗ ಕಡ್ಡಿರಾಂಪುರ, ಗುಡಿಯಿಂದ ಕೆಲವು ಕಿಲೋಮೀಟರು ದೂರ. ಯಾತ್ರಿಕರನ್ನೇ ನಂಬಿದ ವ್ಯಾಪಾರ ಅಲ್ಲಿ ಹೇಗೆ ನಡೆದೀತು? ಮಂಟಪಕ್ಕೆ ಗೋಡೆ ಎಬ್ಬಿಸಿದ್ದು ತಪ್ಪೆನ್ನಿ. ಗೋಡೆ ತೆಗೆಸಬಹುದಿತ್ತು, ಅನ್ನ ತೆಗೆಯಬೇಕಾಗಿರಲಿಲ್ಲ.

1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಈ ನಗರದ ಬೀದಿಗಳ ವರ್ತಕರನ್ನು ಕಂಡು ಬರೆದಿಟ್ಟಿದ್ದಾನೆ. ವ್ಯಾಪಾರಿಯನ್ನು ಓಡಿಸಿ ಬಜಾರವನ್ನು ಉಳಿಸಿದೆವೆನ್ನುವುದು, ಕಾರ್ಮಿಕನನ್ನು ಹೊರಗಟ್ಟಿ ಗಿರಣಿಯನ್ನು ಉಳಿಸಿದೆವೆಂದ ಹಾಗೆ.

ಹಾಗಾದರೆ ನಾವು ಮಾಡಬೇಕಾದುದೇನು? ತಿದ್ದಿದ ಕಾಯಿದೆಯಂತೆ ಒಂದೊಂದು ಸ್ಮಾರಕಕ್ಕೂ ಪ್ರತ್ಯೇಕ ಉಪನಿಯಮ ಬರೆಯಬೇಕು: ಸುತ್ತಲಿನ ಕಟ್ಟಡಗಳ ಮುಂಭಾಗ ಹೇಗಿರಬೇಕು, ಚರಂಡಿ, ರಸ್ತೆ, ವಿದ್ಯುತ್ ಕಂಬ ಎಲ್ಲಿರಬೇಕು ಎಂದು. ಅದರ ಕರಡನ್ನು ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. ನಾವು ಮಾತಾಡಬೇಕಾದ ಹೊತ್ತು ಅದೇ. ಬುಲ್‌ಡೋಜರು ಬಂದ ಹೊತ್ತಲ್ಲ.

ನಮ್ಮ ಬೇಡಿಕೆ ಮೂರು. ಒಂದು, ಕರಡನ್ನು ಕನ್ನಡದಲ್ಲಿ ಗ್ರಾಮಸಭೆಯಲ್ಲಿ, ವಾರ್ಡಿನಲ್ಲಿ ಓದಿ ಹೇಳಬೇಕು. ಎರಡು, ಬಾಡಿಗೆಯವರು, ತಳ್ಳುಗಾಡಿಯವರು ಸೇರಿ ಅಲ್ಲಿ ಬದುಕುವವರೆಲ್ಲರ ಪಟ್ಟಿಯಾಗಬೇಕು. ಮೂರು, ಎಬ್ಬಿಸಲೇಬೇಕಾದರೆ ಮೊದಲು ಮನೆ ಮಳಿಗೆ, ಆಮೇಲೆ ತೆರವು.

ನಮ್ಮ ಸುತ್ತಿನ ಕೋಟೆ, ಗುಡಿಗಳಿಗೆ ಉಪನಿಯಮ ಬರೆದಾಗಿದೆಯೇ, ಇಲ್ಲವೇ? ಕಚೇರಿಗೆ ಹೋಗಿ ಕೇಳೋಣ. ಒಬ್ಬರೇ ಹೋದರೆ ನಾಳೆ ಬಾ ಎನ್ನುತ್ತಾರೆ. ಐವತ್ತು ಮಂದಿ ಹೋಗೋಣ.