ಅಪಘಾತ ಕಂಡಾಗ ಕಾರು ನಿಲ್ಲಿಸಿ



ಬಿಪಿ, ಶುಗರ್ ಪರೀಕ್ಷೆ ಆಯಿತು. ಪ್ರಸಾದಕ್ಕೆ ಏಳುವ ಮುಂಚೆ ನನಗೆ ಹತ್ತು ನಿಮಿಷ ಕೊಡಿ. ರಸ್ತೆಯಲ್ಲಿ ಅಪಘಾತ ಕಂಡಾಗ ನಾವು ಏನು ಮಾಡುತ್ತೇವೆ, ಏನು ಮಾಡಬೇಕು ಎಂದು ಮಾತಾಡೋಣ.

ನಾನು ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದಾಗ ದಾವಣಗೆರೆಯಿಂದ ಊರಿಗೆ ಹೊರಟಿದ್ದ ಬಸ್ಸು ಒಂದು ಅಪಘಾತದ ಬಳಿ ನಿಂತಿತು. ಸ್ಕೂಟರಿನವನೊಬ್ಬ ಎಚ್ಚರ ತಪ್ಪಿ ರಸ್ತೆ ಬದಿಯಲ್ಲಿ ಅಂಗಾತ ಬಿದ್ದಿದ್ದ. ಸುತ್ತ ಮೂವತ್ತು ಜನ. "ಮುಟ್ಟಬೇಡ್ರಪ್ಪ, ಪೊಲೀಸ್ ಕೇಸ್ ಆಗುತ್ತೆ" ಎಂದರು ಒಬ್ಬರು. ಇನ್ನೊಬ್ಬರು ಅವನ ಬಾಯಿಗೆ ನೀರು ಬಿಟ್ಟರು. ಡಾಕ್ಟರಾಗಲು ಓದುತ್ತಿದ್ದ ನಾನು ಕೈಕಟ್ಟಿ ನಿಂತಿದ್ದೆ. ಅವನನ್ನು ಮಗ್ಗುಲಿಗೆ ಹೊರಳಿಸಿದ್ದರೆ ಉಸಿರಿಗೆ ದಾರಿಯಾಗುತ್ತಿತ್ತು ಎಂಬುದು ಗೊತ್ತಾದದ್ದು ಆಮೇಲೆ. ಬಸ್ಸು ಹೊರಟಿತು. ಅವನು ಉಳಿದನೋ ಇಲ್ಲವೋ ಇಂದಿಗೂ ಗೊತ್ತಿಲ್ಲ.

ಆ ಪೊಲೀಸ್ ಕೇಸಿನ ಭಯವನ್ನು ನಾವು ಉಪ್ಪಿನಕಾಯಿ ಡಬ್ಬಿಯ ಜೊತೆಗೇ ಜರ್ಮನಿಗೂ ತಂದಿದ್ದೇವೆ. ಇಲ್ಲಿ ಅದಕ್ಕೆ ಆಧಾರವಿಲ್ಲ. ಇಲ್ಲಿನ ದಂಡ ಸಂಹಿತೆಯ 323ಸಿ ಕಲಮಿನ ಪ್ರಕಾರ, ನಮಗೆ ದೊಡ್ಡ ಅಪಾಯವಿಲ್ಲದೆ ಸಹಾಯ ಮಾಡಲು ಸಾಧ್ಯವಿದ್ದೂ ಮಾಡದೇ ಹೋಗುವುದೇ ಅಪರಾಧ. ದಂಡ ಅಥವಾ ಒಂದು ವರ್ಷದವರೆಗೆ ಜೈಲು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡುವಾಗ ಏನಾದರೂ ತಪ್ಪಾದರೆ, ಅದು ಉದ್ದೇಶಪೂರ್ವಕವೋ ತೀರ ಬೇಜವಾಬ್ದಾರಿಯೋ ಆಗಿರದಿದ್ದರೆ, ನಿಮ್ಮನ್ನು ಹೊಣೆ ಮಾಡುವುದಿಲ್ಲ. ಸಹಾಯ ಮಾಡುವಾಗ ನಿಮಗೇ ಪೆಟ್ಟಾದರೆ ಶಾಸನಬದ್ಧ ಅಪಘಾತ ವಿಮೆಯ ರಕ್ಷಣೆಯೂ ಇದೆ.

ಊರಿನಲ್ಲೂ ಕಾಲ ಬದಲಾಗಿದೆ. ಸಹಾಯಕ್ಕೆ ಬಂದವರನ್ನು ರಕ್ಷಿಸುವ ಮಾರ್ಗಸೂಚಿಗಳನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೇರಿತು. ಈಗ ಅಲ್ಲಿ ಗಾಯಾಳುವಿಗೆ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ರಜೆಗೆ ಹೋದಾಗ ಅಪ್ಪ, ಅಮ್ಮ, ಅಣ್ಣತಮ್ಮಂದಿರಿಗೆ ಇದನ್ನು ಹೇಳಿ. ತುರ್ತು ಸಂಖ್ಯೆ ಎರಡೂ ಕಡೆ ಒಂದೇ: 112.

ಇನ್ನು ಎರಡನೆಯ ಭಯ: "ನನಗೆ ಏನೂ ನೆನಪಿಲ್ಲ." ಇದು ನಿಜವಾದ ತೊಂದರೆ. ಇಲ್ಲಿ ಲೈಸೆನ್ಸಿಗಾಗಿ 45 ನಿಮಿಷಗಳ 9 ಪಾಠಗಳ ಪ್ರಥಮ ಚಿಕಿತ್ಸೆ ಕೋರ್ಸ್ ಮಾಡುತ್ತೇವೆ. ಸರ್ಟಿಫಿಕೇಟ್ ಕೈಗೆ ಬರುತ್ತದೆ. ನಾವು ಸಾಮಾನ್ಯ ಚಾಲಕರು ಅದನ್ನು ಮತ್ತೆ ಮಾಡಬೇಕೆಂಬ ಕಡ್ಡಾಯವಿಲ್ಲ. ಹತ್ತು ವರ್ಷ ಕಳೆದ ಮೇಲೆ ಕೈಗೆ ಏನು ನೆನಪಿರುತ್ತದೆ? ಆದ್ದರಿಂದ ಮುಖ್ಯವಾದದ್ದನ್ನು ಮತ್ತೆ ಹೇಳುತ್ತೇನೆ.

ಮೊದಲು ನಿಮ್ಮ ಜೀವ. ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ಎಚ್ಚರಿಕೆ ದೀಪ ಹಾಕಿ, ಇಳಿಯುವ ಮುಂಚೆಯೇ ಮಿಂಚುವ ಜಾಕೆಟ್ ತೊಡಿ. ಅದು ಡಿಕ್ಕಿಯಲ್ಲಿರಬಾರದು, ಸೀಟಿನ ಹತ್ತಿರ ಇರಬೇಕು. ಆಟೋಬಾನ್‌ನಲ್ಲಿ ತಡೆಬೇಲಿಯ ಆಚೆಯಿಂದ ನಡೆದು, ಕನಿಷ್ಠ 150 ಮೀಟರ್ ಹಿಂದೆ ತ್ರಿಕೋನ ಇಡಿ. ರಸ್ತೆ ಬದಿಯ ಬಿಳಿ ಕಂಬಗಳು ಸಾಮಾನ್ಯವಾಗಿ 50 ಮೀಟರಿಗೊಂದು ಇರುತ್ತವೆ. ಮೂರು ಎಣಿಸಿದರೆ ಸಾಕು.

ಆಮೇಲೆ 112. ಎಲ್ಲಿ, ಏನಾಯಿತು, ಎಷ್ಟು ಜನರಿಗೆ ಪೆಟ್ಟಾಗಿದೆ ಎಂದು ಹೇಳಿ. ಜರ್ಮನ್ ತಡವರಿಸಿದರೆ ಇಂಗ್ಲಿಷಿನಲ್ಲಿ ಹೇಳಿ. ಅವರು ಇಡುವವರೆಗೆ ನೀವು ಫೋನ್ ಇಡಬೇಡಿ.

ಈಗ ಗಾಯಾಳು. ಭುಜ ತಟ್ಟಿ ಮಾತಾಡಿಸಿ. ಉತ್ತರ ಬಂದರೆ ಎಳೆದಾಡದೆ ಹತ್ತಿರವೇ ಕೂತು ಧೈರ್ಯ ಹೇಳಿ. ರಕ್ತ ಸುರಿಯುತ್ತಿದ್ದರೆ ಕೈಗವಸು ಹಾಕಿಕೊಂಡು ಶುಭ್ರ ಬಟ್ಟೆಯಿಂದ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ ಬೇಡ. ಕುಡಿಯಲು ನೀರೂ ಬೇಡ.

ಉತ್ತರ ಬರದಿದ್ದರೆ ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಹತ್ತು ಸೆಕೆಂಡ್ ಉಸಿರು ನೋಡಿ. ಉಸಿರು ಸರಿಯಾಗಿದ್ದರೆ ಮಗ್ಗುಲಿಗೆ ಮಲಗಿಸಿ, ಬಾಯಿ ಕೆಳಮುಖವಾಗಿರಲಿ, ಆಂಬುಲೆನ್ಸ್ ಬರುವವರೆಗೆ ಉಸಿರನ್ನು ಗಮನಿಸುತ್ತಿರಿ. ಉಸಿರಿಲ್ಲದಿದ್ದರೆ ಅಥವಾ ಆಗೊಮ್ಮೆ ಈಗೊಮ್ಮೆ ಎಳೆಯುತ್ತಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಕಾರಿನೊಳಗಿನವರನ್ನು ಬೆಂಕಿ, ಹೊಗೆಯಂಥ ಅಪಾಯವಿದ್ದರೆ ಅಥವಾ ಪ್ರಜ್ಞೆ ತಪ್ಪಿದ್ದರೆ ಮಾತ್ರ ಹೊರಗೆ ತೆಗೆಯಿರಿ. ಪ್ರಜ್ಞೆ ತಪ್ಪಿದ ಬೈಕ್ ಸವಾರನ ಹೆಲ್ಮೆಟ್ ತೆಗೆಯಲೇಬೇಕು. ಒಬ್ಬರು ಕತ್ತು ಅಲುಗದಂತೆ ಹಿಡಿಯಲಿ, ಇನ್ನೊಬ್ಬರು ಮೆಲ್ಲಗೆ ಎಳೆಯಲಿ.

"ಒತ್ತಿದರೆ ಪಕ್ಕೆಲುಬು ಮುರಿಯುತ್ತದೆ ಡಾಕ್ಟ್ರೇ" ಎಂದು ಕೇಳುತ್ತೀರಿ. ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ. ಉಸಿರು ನಿಂತವರಿಗೆ ಏನೂ ಮಾಡದೆ ನಿಲ್ಲುವುದಕ್ಕಿಂತ ದೊಡ್ಡ ತಪ್ಪು ಯಾವುದೂ ಇಲ್ಲ.

ಈಗಾಗಲೇ ಬೇರೆಯವರು ಸಹಾಯ ಮಾಡುತ್ತಿದ್ದರೆ ನಿಂತು ನೋಡಬೇಡಿ, ಮೊಬೈಲ್ ಎತ್ತಬೇಡಿ. ಹೊರಪಟ್ಟಣದ ದ್ವಿಪಥ, ಆಟೋಬಾನ್‌ಗಳಲ್ಲಿ ವಾಹನಗಳು ನಡೆಯುವ ವೇಗಕ್ಕೆ ಇಳಿದ ಕೂಡಲೇ ರೆಟ್ಟುಂಗ್ಸ್‌ಗಾಸೆ ಬಿಡಿ. ತೀರ ಎಡ ಸಾಲಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ. ಆ ದಾರಿಯಲ್ಲಿ ಆಂಬುಲೆನ್ಸ್ ಬರುತ್ತದೆ.

ಕೊನೆಗೆ ಎರಡು ಕೆಲಸ. ಮನೆಗೆ ಹೊರಡುವ ಮುಂಚೆ ನಿಮ್ಮ ಕಾರಿನ ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಸೀಲು ಒಡೆದು, ಒಳಗೆ ಏನಿದೆ, ಅವಧಿ ಮುಗಿದಿದೆಯೇ ನೋಡಿ. ಕತ್ತಲಲ್ಲಿ, ಮಳೆಯಲ್ಲಿ, ಕೈ ನಡುಗುವಾಗ ಮೊದಲ ಸಲ ತೆರೆಯುವಂತಾಗಬಾರದು. ಎರಡನೆಯದು, ಊಟವಾದ ಮೇಲೆ ಪಕ್ಕದ ಹಾಲಿಗೆ ಬನ್ನಿ. ಚಾಪೆ ಹಾಸಿದ್ದೇವೆ, ಅಭ್ಯಾಸದ ಗೊಂಬೆಯೂ ಇದೆ. ಮಕ್ಕಳನ್ನೂ, ಊರಿನಿಂದ ಬಂದಿರುವ ಹಿರಿಯರನ್ನೂ ಕರೆತನ್ನಿ. ಒಬ್ಬೊಬ್ಬರೂ ಒಂದು ಸಲ ಮಗ್ಗುಲಿಗೆ ಹೊರಳಿಸಿ, ಎರಡು ನಿಮಿಷ ಎದೆ ಒತ್ತಿ ನೋಡಿ.

ಅಂದು ನಾನು ಮಾಡದೇ ಹೋದದ್ದನ್ನು ನಾಳೆ ನೀವು ಮಾಡುವಂತಾಗಲಿ.